ಬ್ಯಾಡಗಿಯಲ್ಲಿ ನನ್ನನ್ನು ಕರೆದ ಒಂದು ಮನೆ

ಬ್ಯಾಡಗಿಯಲ್ಲಿ ಬಸ್ಸಿಳಿದ ಮೊದಲ ದಿನ ನಾನು ಅಳುತ್ತಿದ್ದೆ. ದುಃಖಕ್ಕಲ್ಲ, ಮೆಣಸಿನಕಾಯಿಗೆ. ಮಾರುಕಟ್ಟೆಗೆ ಮಾಲು ಬಂದು ಬೀಳುವ ಕಾಲ. ಗಾಳಿಗೇ ಯಾರೋ ಒಗ್ಗರಣೆ ಹಾಕಿದಂತಿತ್ತು. ನನಗೆ ಕಣ್ಣು ಮೂಗು ಎರಡೂ ಸುರಿಯುತ್ತಿದ್ದರೆ, ಸುತ್ತಲಿನವರು ಏನೂ ಆಗದವರಂತೆ ಚಹಾ ಕುಡಿಯುತ್ತ ನಿಂತಿದ್ದರು. ಅಜ್ಜಿಯೊಬ್ಬರು ಹತ್ತಿರ ಬಂದು ತೋಳು ಹಿಡಿದು, "ಯಾಕವಾ ತಂಗಿ, ಯಾರು ಹೋದ್ರು?" ಎಂದು ಕೇಳಿದರು. ಯಾರೂ ಹೋಗಿಲ್ಲ ಅಜ್ಜಿ, ಖಾರದ ಗಾಳಿ, ಎಂದೆ. "ಅಯ್ಯ, ಇದಕ್ಕ ಇಷ್ಟ್ ಅಳಾಕತ್ತೀಯೇನು? ನಾ ಏನೋ ದೊಡ್ಡದ ಆಗೇತಿ ಅಂದ್ಕೊಂಡಿದ್ನಿ" ಎಂದು ಕೈಬಿಟ್ಟು ಹೊರಟೇಹೋದರು. ಪರರ ಅಳು ಕೇಳುವುದನ್ನು ಕಲಿಯಲು ಬಂದವಳಿಗೆ ಆ ಊರು ಕೊಟ್ಟ ಸ್ವಾಗತ ಇದು.

ನಾನು ಗುಂಡ್ಲುಪೇಟೆ ಕಡೆಯವಳು. ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂಬ ಹಟಕ್ಕೆ ಮೈಸೂರಿನಲ್ಲಿ ಸೀಟು ಸಿಗದೆ ಹಾವೇರಿಗೆ ಬಂದೆ. ತರಗತಿಗಳು ಹಾವೇರಿಯಲ್ಲಿ. ಆಪ್ತಸಮಾಲೋಚನೆಯ ತರಬೇತಿ ಮಾತ್ರ ಪ್ರತಿ ಮಂಗಳವಾರ ಬ್ಯಾಡಗಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ. ಕನ್ನಡ ನಾಡಿನೊಳಗೇ ಓಡಾಡುತ್ತಿದ್ದೇನೆ, ಇದೇನು ಮಹಾ ವಲಸೆ ಎಂದು ನೀವು ನಗಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಹಾವೇರಿಯ ಬಾಡಿಗೆ ಮನೆಯೊಡತಿ ಶಾಂತಕ್ಕ ಮಹಡಿಯ ಕೋಣೆಯ ಬೀಗ ತೆಗೆಯುತ್ತ, "ಮನಸಿಂದು ಓದ್ತೀ ಅಂದ್ರ ಮಾರಿ ನೋಡಿ ಹೇಳ್ತೀಯೇನವಾ? ನಮ್ಮ ಹಿರ್ಯಾ ಯಾಕ ಮಾತ ಆಡೂದಿಲ್ಲ ಹೇಳ ನೋಡೂಣು" ಎಂದಾಗ ಅರ್ಧ ತಿಳಿದಿತ್ತು, ಅರ್ಧ ತಿಳಿದಿರಲಿಲ್ಲ. ಮಾರಿ ಎಂದರೆ ಮುಖ, ಹಿರ್ಯಾ ಎಂದರೆ ಹಿರಿಯ ಮಗ ಎಂದು ಅವರೇ ಬಿಡಿಸಿ ಹೇಳಿದರು.

ನಮ್ಮ ಕಡೆ ಬಿಸಿ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿದರೆ ಊಟ ಮುಗಿಯಿತು. ಇಲ್ಲಿ ಖಾನಾವಳಿಯಲ್ಲಿ, ಅಂದರೆ ಮನೆಯೂಟ ಬಡಿಸುವ ಸಣ್ಣ ಹೋಟೆಲಿನಲ್ಲಿ, ಜೋಳದ ರೊಟ್ಟಿ, ಬದನೆಯ ಎಣಗಾಯಿ, ಹಸಿ ಉಳ್ಳಾಗಡ್ಡಿ. ಅಗಿಯಬೇಕು, ತಾಳ್ಮೆ ಬೇಕು. ಜೊತೆಯಲ್ಲಿ ಮಾತಾಡುವವರಿದ್ದರೆ ರೊಟ್ಟಿ ಚೆನ್ನ. ಒಬ್ಬಳೇ ಕೂತು ಅಗಿಯುವಾಗ ಅದರ ಸದ್ದೇ ಕಿವಿಗೆ ಬೀಳುತ್ತದೆ. ತರಗತಿಯ ಹುಡುಗಿಯರು ಒಳ್ಳೆಯವರೇ. ಸಂಜೆಯಾದರೆ ಅವರವರ ಊರಿನ ಬಸ್ಸು ಹಿಡಿಯುತ್ತಾರೆ. ಆಮೇಲೆ ಬೆಳಗಾಗುವವರೆಗೆ ನಾನು ಬಾಯಿ ತೆರೆಯುವುದು ಅಮ್ಮನ ಫೋನಿಗೆ ಮಾತ್ರ.

ಹೀಗಿರುವಾಗ ನನ್ನ ಮಂಗಳವಾರಗಳಿಗೆ ಖತೀಜಾ ಬಂದರು. ಅದು ನಾನಿಟ್ಟ ಹೆಸರು. ಗುರುತು ಸಿಗದ ಹಾಗೆ ಕೆಲವನ್ನು ಬದಲಿಸಿ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಐವತ್ತರ ಆಸುಪಾಸು, ಮನೆಯವರ ದಿನಸಿ ಅಂಗಡಿ, ಮಗನ ಮದುವೆ ಗೊತ್ತಾಗಿತ್ತು. ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಕಾರಣ ಒಂದೇ: ಗೋಡೆಯಾಚೆಯ ಮನೆಯ ಸ್ವಂತ ತಂಗಿ ಮಾತು ಬಿಟ್ಟಿದ್ದಳು. ತಾಯಿ ತೀರಿದಾಗ ಪರಊರಿಗೆ ಹೋಗಿದ್ದ ತನಗೆ ಸುದ್ದಿಯನ್ನು ತಡವಾಗಿ ತಿಳಿಸಿದರೆಂಬ ಸಿಟ್ಟು. "ಜಗಳಾಡಿದ್ರ ಸುಮ್ನಿರತಿದ್ನಿರಿ. ಎದುರಿಗೆ ಬರ್ತಾಳ, ನೋಡತಾಳ, ಮಾರಿ ಆ ಕಡೆ ಮಾಡ್ತಾಳ. ನಾ ಇಲ್ಲೇ ಇಲ್ಲೇನೋ ಅನ್ನೂ ಹಂಗ" ಎನ್ನುತ್ತಿದ್ದರು. ನಾನು ಕೇಳುತ್ತಿದ್ದೆ. ಕೇಳುವುದು ನನ್ನ ಪಾಠವಾಗಿತ್ತು. ಆದರೆ ಸೋಮವಾರ ಸಂಜೆಯಿಂದಲೇ ನಾನು ಆ ಹೊತ್ತಿಗೆ ಕಾಯುತ್ತಿದ್ದೆ ಎಂಬುದೂ ಸತ್ಯ. ಈ ಎರಡು ಊರುಗಳಲ್ಲಿ ನನ್ನೆದುರು ಕೂತು ಮನಸ್ಸು ಬಿಚ್ಚಿ ಮಾತಾಡುವ ಜೀವ ಅದೊಂದೇ.

ನಮ್ಮ ವಿದ್ಯೆಯಲ್ಲಿ ಒಂದು ನಿಯಮವಿದೆ. ಸಲಹೆಗೆ ಬಂದವರು ಹೊರಗೆಲ್ಲಾದರೂ ಸಿಕ್ಕರೆ ನಾವಾಗಿ ಮಾತಾಡಿಸಬಾರದು. ಜೊತೆಗಿದ್ದವರು 'ಇವರು ಯಾರು, ಹೇಗೆ ಪರಿಚಯ' ಎಂದು ಕೇಳಿದರೆ ಪಾಪ ಅವರೇನು ಹೇಳಬೇಕು? ಮೊದಲ ದಿನವೇ ಇದನ್ನು ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ ಖತೀಜಾ ಅವರಿಗೆ ತಿಳಿಸಿದ್ದೆ. ಅವರು "ಆತ್ರಿ" ಎಂದು ತಲೆಯಾಡಿಸಿದ್ದರು.

ಒಂದು ಭಾನುವಾರ ಹೊದಿಕೆ ಕೊಳ್ಳಲು ರಾಣೆಬೆನ್ನೂರಿಗೆ ಹೋಗಿದ್ದೆ. ಪೇಟೆಯಲ್ಲಿ ಎದುರಿಗೇ ಖತೀಜಾ. ಮದುವೆಯ ಜವಳಿಗೆ ಬಂದಿದ್ದರು, ಜೊತೆಗೆ ಇಬ್ಬರು ನೆಗೆಣ್ಣಿಯರು, ಅಂದರೆ ಓರಗಿತ್ತಿಯರು. ನನ್ನನ್ನು ಕಂಡು ಅವರ ಮುಖ ಅರಳಿತು. ನನಗೂ ಓಡಿಹೋಗಿ ಕೈ ಹಿಡಿಯುವಷ್ಟು ಸಂತೋಷ. ಆದರೂ ಕಲಿತ ಪಾಠದಂತೆ ಅವರು ಮೊದಲು ಮಾತಾಡಲಿ ಎಂದು ಪಕ್ಕದ ಅಂಗಡಿಯ ಪಾತ್ರೆಗಳ ಕಡೆ ಮುಖ ಮಾಡಿ ನಿಂತೆ. ಅವರು ಮಾತಾಡಲಿಲ್ಲ. ತಿರುಗಿ ನೋಡಿದಾಗ ಹೋಗಿಬಿಟ್ಟಿದ್ದರು.

ಮುಂದಿನ ಮಂಗಳವಾರ ಖತೀಜಾ ಬರಲಿಲ್ಲ. ಅವರ ಹೊತ್ತಿನಲ್ಲಿ ನಾನು ಖಾಲಿ ಕುರ್ಚಿ ನೋಡುತ್ತ ಕೂತಿದ್ದೆ. ನಮ್ಮ ಮಾರ್ಗದರ್ಶಕಿ ಧಾರವಾಡದ ಮೇಡಂಗೆ ನಡೆದದ್ದನ್ನು ಎರಡೆರಡು ಸಲ ಹೇಳಿದೆ. ಅವರು ನನ್ನನ್ನೇ ನೋಡಿ, "ನಿಯಮ ಪಾಲಿಸೀದಿ, ಛಲೋ ಆತು. ಆದ್ರ ನಿನಗ ಇಷ್ಟ್ಯಾಕ ಸಂಕಟ? ಅಕಿಗೆ ನೀ ಬೇಕೋ, ನಿನಗ ಅಕಿ ಬೇಕೋ?" ಎಂದರು. ಹಾವೇರಿಗೆ ಮರಳುವ ಬಸ್ಸಿನ ಕಿಟಕಿಗೆ ತಲೆಯಾನಿಸಿ, ಈ ಸಲ ಖಾರದ ಗಾಳಿಯಿಲ್ಲದೆಯೇ ಅತ್ತೆ. ಒಬ್ಬಂಟಿತನ ಎಂಬ ಪದಕ್ಕೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಅದು ಹೊಟ್ಟೆಯಲ್ಲಿ ಹಸಿವಿನ ಜಾಗದಲ್ಲೇ ಕೂತಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮರುವಾರ ಅವರು ಬಂದರು. ಕೂತ ತಕ್ಷಣ, "ನೀವೂ ಮಾರಿ ಆ ಕಡೆ ಮಾಡಿದ್ರೆಲ್ರಿ ಮೇಡಮ್ಮಾರ" ಎಂದರು.

ನಿಯಮವನ್ನು ಮತ್ತೆ ವಿವರಿಸಿದೆ. ನೀವು ಇಲ್ಲಿಗೆ ಬರುವುದು ಯಾರಿಗೂ ತಿಳಿಯಬಾರದೆಂದು ಹಾಗೆ ಮಾಡಿದೆ ಎಂದೆ.

"ಯಾರಿಗೆ ತಿಳೀಬಾರದ್ರಿ? ನನ್ನ ಇಲ್ಲಿಗೆ ಕರಕೊಂಡ ಬಂದಾಕಿನೇ ನಮ್ಮ ನೆಗೆಣ್ಣಿ. 'ನೋಡ್ರಿ, ನಮ್ಮ ಮೇಡಮ್ಮಾರು' ಅಂತ ಅವರಿಗೆ ಬೆರಳ ಮಾಡಿ ತೋರ್ಸಿದ್ನಿ. ನೀವು ಪಾತ್ರಿ ನೋಡಾಕತ್ರಿ. ಎಷ್ಟ್ ಸಣ್ಣಾಕಿ ಆದ್ನಿ ಗೊತ್ತೇನು?"

ನಮ್ಮೂರಿನಲ್ಲಾದರೆ ಪೇಟೆಯಲ್ಲಿ ಸುಮ್ಮನೆ ಹೋದವರನ್ನು, ಏನೋ ಯೋಚನೆಯಲ್ಲಿದ್ದಾಳೆ ಎಂದು ಬಿಟ್ಟುಬಿಡುತ್ತಾರೆ. ಇಲ್ಲಿ ಗುರುತಿದ್ದೂ ಮಾತಾಡಿಸದೆ ಹೋದರೆ ನಂಟು ಮುಗಿಯಿತು ಎಂದೇ ಅರ್ಥ. ತಂಗಿ ಮಾಡಿದ್ದನ್ನೇ ನಾನೂ ಮಾಡಿದ್ದೆ, ಅದೂ ಅವರ ಒಳ್ಳೆಯದಕ್ಕೆಂದು. ನಿಮಗೆ ನೋವಾಯಿತು, ಅದು ನನ್ನಿಂದಲೇ ಆಯಿತು ಎಂದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "'ಊಟ ಆತೇನ್ರಿ' ಅಂದು ಹೋಗಬೇಕಿತ್ತು. ಅಷ್ಟ. ಹಾದಿಮ್ಯಾಲೆ ಹೋಗೋರನ್ನೂ ಹಂಗ ಕೇಳತೇವಿ. ಅದರಾಗ ಏನ್ ಗುಟ್ಟ ಹೊರಬೀಳ್ತೈತಿ?" ಎಂದರು. ಇದಕ್ಕೆ ಧಾರವಾಡದ ಮೇಡಂ ಕೂಡ ಒಪ್ಪಿದರು. ಅಂದಿನಿಂದ ನಮ್ಮಿಬ್ಬರ ಒಪ್ಪಂದ ಅದೇ ಆಯಿತು.

ಆ ದಿನದ ಮಾತು ಅವರ ಮನೆಯವರೆಗೂ ಹೋಯಿತು. ಖತೀಜಾ ದಿನಾ ಬೆಳಿಗ್ಗೆ ತಂಗಿ ಅಂಗಳಕ್ಕೆ ಬಂದಾಗ "ಚಹಾ ಆತೇನವಾ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಒಳಗೆ ಹೋಗತೊಡಗಿದರು. ಬಹಳ ದಿನ ಗೋಡೆಯಾಚೆಯಿಂದ ಏನೂ ಬರಲಿಲ್ಲ. ನನ್ನ ತರಬೇತಿ ಮುಗಿಯುವ ಕೊನೆಯ ಮಂಗಳವಾರ ಅವರು ಬಾಗಿಲಲ್ಲೇ ನಿಂತು ಹೇಳಿದರು: "ನಿನ್ನೆ 'ಹೂಂ' ಅಂದ್ಲ್ರಿ! ಇವತ್ತ 'ನಿಂದು?' ಅಂದ್ಲು! ಲಗ್ನಕ್ಕೂ ಬರ್ತಾಳಂತ." ಈ ಊರಿನಲ್ಲಿ ನಾನು ಗೆದ್ದದ್ದೇನಾದರೂ ಇದ್ದರೆ ಆ 'ಹೂಂ'.

ಆಮೇಲೆ ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ಇನ್ನ ನಿಮ್ಮ ಕೆಲಸ ಮುಗೀತಲ್ರಿ. ಈಗರೆ ಮನಿಗೆ ಬರ್ರಿ. ಮಗನ ಲಗ್ನ, ನಮ್ಮ ಜೋಡಿ ಕುಂತು ಉಣ್ರಿ."

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿ ಸುತ್ತಿ ನಾನು ಕಾಯುತ್ತಿದ್ದ ಮಾತು ಅದು. ಬಾ, ಕೂರು, ಉಣ್ಣು. ಅದನ್ನು ಹೇಳಿದವರು ಮಾತ್ರ ನಾನು ಯಾರ ಮನೆಗೆ ಹೋಗಬಾರದೋ ಅವರು. ಕೆಲಸ ಮುಗಿದರೂ ನಿಯಮ ಮುಗಿಯುವುದಿಲ್ಲ. ನಾಳೆ ತಂಗಿ ಮತ್ತೆ ಮುನಿದರೆ ಅವರಿಗೆ ಬೇಕಾಗುವುದು ಮದುವೆಯಲ್ಲಿ ಉಂಡುಹೋದ ಗೆಳತಿಯಲ್ಲ, ಈ ಕೋಣೆ. "ಬರಾಕ ಆಗೂದಿಲ್ರಿ" ಎಂದೆ. ಅವರ ಕಡೆಯ ಮಾತು ಎಷ್ಟು ಸಲೀಸಾಗಿ ನನ್ನ ಬಾಯಿಗೆ ಬಂತು ಎಂದು ನನಗೇ ಆಶ್ಚರ್ಯವಾಯಿತು. ಅವರು ಈ ಸಲ ಸಿಟ್ಟಾಗಲಿಲ್ಲ. "ಮನಿ ಎಲ್ಲೈತಿ ಅಂತರೆ ಹೇಳತೇನಿ" ಎಂದು ಓಣಿಯ ಗುರುತು ಹೇಳಲು ಹೊರಟರು. ಬೇಡ ಎಂದೆ.

ಯುಗಾದಿಗೆ ಗುಂಡ್ಲುಪೇಟೆಗೆ ಹೋಗಿದ್ದೆ. ಅಲ್ಲಿ ಹಸಿವಿರಲಿ ಬಿಡಲಿ, ಬೀದಿಯ ಪ್ರತಿ ಮನೆಯಲ್ಲೂ ಕೂತು ತಿನ್ನಲೇಬೇಕು. "ಅಷ್ಟು ದೂರ ಒಬ್ಬಳೇ ಹೆಂಗಿದ್ದೀಯವ್ವ? ಓದು ಮುಗಿದ್ರೆ ಬಂದ್ಬಿಡು" ಎಂದರು ಅಮ್ಮ. ಬರುತ್ತೇನೆ ಎಂದೆ; ಸುಳ್ಳೂ ಅಲ್ಲ. ಎಲೆಯ ಮುಂದೆ ಕೂತಿದ್ದಾಗ ಮಾತ್ರ ಆ ಮದುವೆಗೆ ಅಕ್ಕತಂಗಿಯರು ಜೊತೆಯಾಗಿ ಕೂತು ಉಂಡರೋ ಇಲ್ಲವೋ ಎಂದು ನೆನೆಯುತ್ತಿದ್ದೆ. ಈಗ ಮತ್ತೆ ಹಾವೇರಿಯಲ್ಲಿದ್ದೇನೆ. ಬ್ಯಾಡಗಿಗೆ ಬಸ್ಸು ಆಗಾಗ ಇದ್ದೇ ಇದೆ. ಆ ಓಣಿ ಯಾವುದೆಂದು ನಾನು ಯಾರನ್ನೂ ಕೇಳಿಲ್ಲ. ಗೊತ್ತಾದರೆ ಹೋಗಿಬಿಡುತ್ತೇನೆ.