ಬೀಡಿ ಎಲೆಯ ಅಡಿಯಲ್ಲಿ ನಾಲ್ಕು ಉತ್ತರ

ಬ್ಯಾಂಕಿನ ಕ್ಲರ್ಕ್ ಪರೀಕ್ಷೆಯಲ್ಲಿ ನಾನು ಎರಡು ಸಲ ಡುಮ್ಕಿ ಹೊಡೆದದ್ದು ಇಂಗ್ಲಿಷಿನಲ್ಲಿ, ಅದರಲ್ಲೂ ವಾಕ್ಯದ ಖಾಲಿ ಜಾಗ ತುಂಬುವ ಪ್ರಶ್ನೆಗಳಲ್ಲಿ. ಖಾಲಿ ಗೆರೆ ಕಂಡದ್ದೇ ತಡ, ನನ್ನ ಕಣ್ಣು ಕೆಳಗಿನ ನಾಲ್ಕು ಉತ್ತರಗಳಿಗೆ ಹಾರಿ ಅತ್ಯಂತ ಉದ್ದದ ಪದದ ಮೇಲೆ ಕೂತುಬಿಡುತ್ತಿತ್ತು. ಉದ್ದ ಪದಗಳಿಗೆ ನಾನು ಮೊದಲಿನಿಂದಲೂ ವಿಪರೀತ ಮರ್ಯಾದೆ ಕೊಡುವವಳು. ಮೂರನೆಯದು ಕೊನೆಯ ಅವಕಾಶ, ಆಮೇಲೆ ವಯಸ್ಸು ದಾಟುತ್ತದೆ. ಈ ಸಲವೂ ಆಗದಿದ್ದರೆ ನಾನೂ ಅಮ್ಮನ ಪಕ್ಕ ಒಂದು ತಡ್ಪೆ, ಎಂದರೆ ಎಲೆ-ಹೊಗೆಸೊಪ್ಪಿನ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತೇನೆ ಎಂದು ಸಿಟ್ಟಿನಲ್ಲಿ ಹೇಳಿದ್ದೆ. ಎಲೆ ಕತ್ತರಿಸುತ್ತಿದ್ದ ಅಮ್ಮನ ಕತ್ತರಿ ಸ್ವಲ್ಪ ಜೋರಾಗಿ ಓಡಿತು.

ವೇಣೂರಿನ ನಮ್ಮ ಮನೆಯ ಜಗಲಿಯಲ್ಲಿ ಒಂದು ಸಂಜೆ ನಾನು ಪ್ರಶ್ನೆಯನ್ನು ತುಳುವಿಗೆ ತಿರುಗಿಸಿಕೊಂಡು ಗೊಣಗುತ್ತಿದ್ದೆ. ಆ ಮನುಷ್ಯ ದೊಡ್ಡ ಹಣವಂತ, ಆದರೂ ಅವನ ಬದುಕು ತುಂಬಾ ಡ್ಯಾಶ್. 'ಆಡಂಬರದ್ದು' ಎಂಬ ಅರ್ಥದ, ಅರ್ಧ ಸಾಲು ತುಂಬುವ ಪದಕ್ಕೆ ಗುರುತು ಹಾಕಿ ಅದರ ಅರ್ಥವನ್ನೂ ತುಳುವಿನಲ್ಲೇ ಗಟ್ಟಿಯಾಗಿ ಹೇಳಿದೆ.

ಇಂಗ್ಲಿಷಿನ ಒಂದಕ್ಷರ ಬಾರದ ಅಮ್ಮ ತಲೆ ಎತ್ತದೆ ಹೇಳಿದಳು, "ಹಣ ಉಂಟು, ಆದರೂ ಆಡಂಬರ ಅಂತ ಯಾರಾದರೂ ಹೇಳ್ತಾರಾ ಮಾರಾಯ್ತಿ? ಸಾದಾ ಅಂತಲೇ ಬರಬೇಕು."

ಸರಿಯಾಗಿತ್ತು. ನನಗೆ ಮೈಯೆಲ್ಲ ಉರಿಯಿತು. "ನಿನಗೆ ಹೇಗೆ ಗೊತ್ತಾಯ್ತು?"

"ಆದರೂ ಅಂತ ಬಂತಲ್ಲ, ಇನ್ನು ಮಾತು ತಿರುಗ್ತದೆ. ನಿನ್ನ ಅಕ್ಕನನ್ನು ನೋಡ್ಲಿಕ್ಕೆ ಬಂದವರು ಎಷ್ಟು ಜನ ಹೇಳಿಲ್ಲ, ಹುಡುಗಿ ಒಳ್ಳೆಯವಳೇ, ಮನೆಯೂ ಒಳ್ಳೆಯದೇ, ಆದರೂ ಅಂತ. ನಾನು ಅಷ್ಟಕ್ಕೇ ಚಾದ ಗ್ಲಾಸು ಎತ್ತಿಕೊಂಡು ಒಳಗೆ ಹೋಗ್ತಿದ್ದೆ."

ಆಮೇಲೆ ಅಳತೆಗೆ ಕತ್ತರಿಸಿಟ್ಟ ಬೀಡಿ ಎಲೆಯೊಂದನ್ನು ತೆಗೆದು ಪುಸ್ತಕದ ನಾಲ್ಕೂ ಉತ್ತರಗಳ ಮೇಲೆ ಮುಚ್ಚಿದಳು. "ಮೊದಲು ನೀನು ಹೇಳು. ಮತ್ತೆ ಅವರು ಎಂತ ಹೇಳ್ತಾರೆ ನೋಡುವ."

ಅಂದಿನಿಂದ ಮೂಡುಬಿದಿರೆಯ ಕೋಚಿಂಗಿಗೆ ಹೋಗುವ ಬಸ್ಸಿನಲ್ಲೂ ಆ ಎಲೆ ನನ್ನ ಜೊತೆಗಿತ್ತು. ನನಗೆ ಹೊಳೆಯುವ ಪದಗಳು ಬಡಪಾಯಿ ಪದಗಳು, ಗುಡ್, ಬ್ಯಾಡ್, ಸ್ಯಾಡ್. ಎಲೆ ಎತ್ತಿದರೆ ಅವುಗಳ ಸಿರಿವಂತ ನೆಂಟರೊಬ್ಬರು ಕೆಳಗೆ ಕೂತಿರುತ್ತಿದ್ದರು. ಏನೂ ಹೊಳೆಯದಿದ್ದರೆ ಬರಬೇಕಾದ್ದು ಒಳ್ಳೆಯ ಮಾತೋ ಕೆಟ್ಟದ್ದೋ ಎಂದಷ್ಟೇ ನೋಡಿ, ಸಲ್ಲದವನ್ನು ಹೊಡೆದುಹಾಕುತ್ತಿದ್ದೆ. ಪಕ್ಕದಲ್ಲಿ ಕೂತವರು ಹೊಗೆಸೊಪ್ಪಿನ ವಾಸನೆಗೆ ನನ್ನನ್ನು ಒಂದು ಥರ ನೋಡುತ್ತಿದ್ದರು.

ಪರೀಕ್ಷೆಯ ದಿನ ಗೇಟಿನಲ್ಲಿ ಕಾವಲಿನವರು ಎಲೆಯನ್ನು ಮೂಸಿ ನೋಡಿ, "ಬೀಡಿ ಒಳಗೆ ಬಿಡ್ಲಿಕ್ಕಿಲ್ಲ" ಎಂದರು. ಬೀಡಿ ಅಲ್ಲ, ಬರೀ ಎಲೆ ಎಂದೆ. ಮೇಲಿಂದ ಕೆಳಗೆ ನನ್ನನ್ನು ನೋಡಿ ಅದನ್ನು ಕಸದ ಡಬ್ಬಿಗೆ ಹಾಕಿದರು. ಬೇರೆ ದಾರಿಯಿಲ್ಲದೆ ಕಂಪ್ಯೂಟರ್ ಪರದೆಯ ಕೆಳಭಾಗಕ್ಕೆ ಅಂಗೈ ಅಡ್ಡ ಹಿಡಿದು ಬರೆಯತೊಡಗಿದೆ. ಮೇಲ್ವಿಚಾರಕರು ಬಂದು ನಿಂತರು.

"ಕೈ ಯಾಕೆ ಹಾಗೆ?"

"ಉತ್ತರ ಕಾಣಬಾರದು ಸರ್."

ತಡೆಯಲು ಅವರಿಗೆ ಯಾವ ನಿಯಮವೂ ನೆನಪಾಗಲಿಲ್ಲವೆಂದು ಕಾಣುತ್ತದೆ, ಮುಂದೆ ಹೋದರು.

ಹಿಂದಿನ ಎರಡೂ ಸಲ ಫಲಿತಾಂಶ ನೋಡುವ ಮೊದಲೇ 'ಆಗ್ಲಿಕ್ಕಿಲ್ಲ' ಎಂದು ಎಲ್ಲರಿಗೂ ಸಾರಿದವಳು ನಾನು. ಈ ಸಲವೂ ಮೊಬೈಲಿನಲ್ಲಿ ಚಕ್ರ ತಿರುಗುವಾಗ ಅದೇ ಮಾತು ನಾಲಗೆಯ ತುದಿಯಲ್ಲಿತ್ತು. ಅಮ್ಮ ತಡ್ಪೆ ಬದಿಗಿಟ್ಟು ಬಂದು ಪರದೆಯ ಮೇಲೆ ಕೈ ಮುಚ್ಚಿದಳು.

"ಮೊದಲು ನೀನು ಹೇಳು."

ಹೆದರಿಕೆಯಾಯಿತು. ಅಷ್ಟು ಹೆದರಿಕೆ ಪರೀಕ್ಷೆಯಲ್ಲೂ ಆಗಿರಲಿಲ್ಲ. "ಆಗಿದೆ" ಎಂದೆ, ನನಗೇ ಕೇಳದ ಹಾಗೆ.

"ಗಟ್ಟಿಯಾಗಿ."

"ಆಗಿದೆ ಅಮ್ಮ."

ಅವಳು ಕೈ ತೆಗೆದಳು. ನನ್ನ ನಂಬರು ಅಲ್ಲಿತ್ತು. ಅಮ್ಮ ಪರದೆ ನೋಡಲೇ ಇಲ್ಲ, ನನ್ನ ಮುಖ ನೋಡಿದಳು, ಅಷ್ಟಕ್ಕೇ ಚಾ ಇಡಲು ಒಳಗೆ ಹೋದಳು.