ಹಂದಿ ರೂಪಾಯಿ

ಮೂಡಿಗೆರೆಯಲ್ಲಿ ನಮ್ಮದೊಂದು ಗುಜರಿ ಅಂಗಡಿ ಇದೆ. ತೂಕ ಹಾಕುವುದು, ಲಾರಿಗೆ ತುಂಬಿಸುವುದು ನನ್ನ ಗಂಡನ ಕೆಲಸ. ಬಂದದ್ದನ್ನು ವಿಂಗಡಿಸುವುದು ನನ್ನದು. ಎಸ್ಟೇಟ್ ಬಂಗಲೆಗಳನ್ನು ಹೋಂಸ್ಟೇ ಮಾಡಲು ಹೊರಟವರು ಅಟ್ಟ ಖಾಲಿ ಮಾಡಿಸಿದಾಗ ಹಿತ್ತಾಳೆ ಕೊಡ, ತಾಮ್ರದ ಹಂಡೆ, ತುಕ್ಕು ಹಿಡಿದ ಟ್ರಂಕುಗಳು ನಮ್ಮಲ್ಲಿಗೆ ಬರುತ್ತವೆ. ಅವುಗಳ ತಳದಲ್ಲಿ ಆಗೀಗ ನಾಣ್ಯ ಸಿಗುತ್ತದೆ. ಸಿಕ್ಕಿದರೆ ಪಾತ್ರೆ ಕೊಟ್ಟವರಿಗೆ ಫೋನ್ ಮಾಡಿ ತಿಳಿಸುತ್ತೇನೆ. ಅವರು ತಮಗೆ ಬೇಡವೆಂದರೆ ಬೆಲೆ ಕೊಟ್ಟು ನಾನೇ ಇಟ್ಟುಕೊಳ್ಳುತ್ತೇನೆ. ಮೊದಲು ಅವನ್ನೆಲ್ಲ ಒಂದು ಉಪ್ಪಿನಕಾಯಿ ಭರಣಿಗೆ ಹಾಕಿಡುತ್ತಿದ್ದೆ. ಆಮೇಲೆ ಕುತೂಹಲ ಹುಟ್ಟಿತು. ಪುಸ್ತಕ ತರಿಸಿ ಓದಿದೆ, ಭೂತಗನ್ನಡಿ ಕೊಂಡೆ, ತಿಳಿದವರ ಗ್ರೂಪುಗಳಿಗೆ ಸೇರಿ ಪ್ರಶ್ನೆ ಕೇಳಿ ಕಲಿತೆ. ಕೆಲವು ವರ್ಷಗಳಿಂದ ಫೋನಿನಲ್ಲೇ ಫೋಟೋ ಹಾಕಿ ನಾಣ್ಯ ಮಾರುತ್ತಿದ್ದೇನೆ.

ಈ ವ್ಯಾಪಾರದಲ್ಲಿ ನಾಣ್ಯಕ್ಕಿಂತ ಹೆಚ್ಚು ಸವೆಯುವುದು ತಾಳ್ಮೆ. ಕೊಳ್ಳುವವರು ಮೊದಲೇ ಯಾವುದೋ ವಿಡಿಯೋ ನೋಡಿ ಬಂದಿರುತ್ತಾರೆ. ಒಬ್ಬರು ಹನುಮಂತನ ಚಿತ್ರವಿರುವ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಬೇಕೆನ್ನುತ್ತಾರೆ. ಕಂಪನಿಯವರು ಅಂಥ ನಾಣ್ಯ ಹೊಡೆಸಿಯೇ ಇಲ್ಲ, ಪೇಟೆಯಲ್ಲಿ ಸಿಗುವುದೆಲ್ಲ ಈಚೆಗೆ ಮಾಡಿದ ಬಿಲ್ಲೆಗಳು ಎಂದರೆ, "ಬೇರೆಯವರ ಹತ್ರ ಇದೆ, ನಿಮ್ಮ ಹತ್ರ ಯಾಕಿಲ್ಲ?" ಎಂದು ನನ್ನನ್ನೇ ಗದರುತ್ತಾರೆ. ಇನ್ನೊಬ್ಬರಿಗೆ ಸಿಡಿಲು ಬಡಿದ ತಾಮ್ರವೇ ಬೇಕು. ನಾನು ಎಲ್ಲರಿಗೂ ವಿವರಿಸುತ್ತಿದ್ದೆ. ಕೆಲವರಿಗೆ ಪುಸ್ತಕದ ಪುಟದ ಫೋಟೋ ತೆಗೆದು ಕಳಿಸಿದ್ದೂ ಉಂಟು.

ಕಳಸದ ರಸ್ತೆಯಲ್ಲಿ ಹೋಂಸ್ಟೇ ನಡೆಸುವ ಒಬ್ಬರು ನನ್ನಿಂದ ತಾಮ್ರದ ಕಾಲಾಣೆಯೊಂದನ್ನು ತರಿಸಿಕೊಂಡರು. ಸಾಧಾರಣ ನಾಣ್ಯ. ಹಾಗೆಂದೇ ಬರೆದು, ಎರಡೂ ಬದಿಯ ಫೋಟೋ ಹಾಕಿದ್ದೆ. ಪಾರ್ಸಲ್ ತಲುಪಿದ ದಿನವೇ ಅವರ ಫೋನ್ ಬಂತು.

"ಇದು ಅಕ್ಕಿ ಎಳೀತಿಲ್ಲ," ಎಂದರು.

"ಎಂತ ಎಳೀತಿಲ್ಲ?"

"ಅಕ್ಕಿ. ತಟ್ಟೆಯಲ್ಲಿ ಹರಡಿ ಮಧ್ಯದಲ್ಲಿ ಇಟ್ಟಿದೀನಿ. ಒಂದು ಕಾಳೂ ಅಲ್ಲಾಡ್ಲಿಲ್ಲ."

ಸಿಡಿಲು ಬಡಿದ ಹಳೆಯ ತಾಮ್ರಕ್ಕೆ ಅಕ್ಕಿಯನ್ನು ಸೆಳೆಯುವ ಶಕ್ತಿ ಬರುತ್ತದೆ, ಅದನ್ನು ವಿದೇಶದವರು ಕೋಟಿ ಕೊಟ್ಟು ಒಯ್ಯುತ್ತಾರೆ ಎಂಬ ಕಥೆ ನಮ್ಮ ಕಡೆ ಹಳೆಯದು. ಅದನ್ನು ನಂಬಿ ತೋಟ ಮಾರಿಕೊಂಡವರ ಸುದ್ದಿ ಕೇಳಿದ್ದೆ. ಹಾಗಾಗಿ ಸಮಾಧಾನದಿಂದಲೇ ಹೇಳಿದೆ.

"ಯಾವ ತಾಮ್ರವೂ ಅಕ್ಕಿ ಎಳಿಯಲ್ಲ ಸಾರ್. ಅದು ಮೋಸ ಮಾಡೋರು ಕಟ್ಟಿದ ಕಥೆ. ನಾನು ಅಂಥದ್ದೇನೂ ಬರ್ದಿಲ್ವಲ್ಲ. ನಿಮಗೆ ಬೇಡ ಅಂದ್ರೆ ವಾಪಸ್ ಕಳ್ಸಿ, ದುಡ್ಡು ಹಾಕ್ತೀನಿ."

"ಅಸಲಿ ಇಟ್ಕೊಂಡು ನಕಲಿ ಕಳ್ಸಿದೀರಿ. ಫೋಟೋದಲ್ಲಿದ್ದದ್ದು ಬೇರೆ."

"ಅದೇ ಸಾರ್. ಅಂಚಿನಲ್ಲಿ ಒಂದು ಕಚ್ಚು ಉಂಟು ನೋಡಿ. ಫೋಟೋದಲ್ಲೂ ಉಂಟು."

"ನನಗೆ ಪಾಠ ಹೇಳ್ಬೇಡಿ," ಎಂದು ಫೋನ್ ಇಟ್ಟರು.

ನಾಣ್ಯ ವಾಪಸ್ ಬರಲಿಲ್ಲ. ಬಂದದ್ದು ವಿಡಿಯೋ. ಬಾಳೆ ಎಲೆಯ ಮೇಲೆ ಅಕ್ಕಿ, ಅದರ ಮಧ್ಯೆ ನನ್ನ ಕಾಲಾಣೆ, ಹಿಂದಿನಿಂದ ಅವರ ದನಿ: "ಮೂಡಿಗೆರೆಯ ಈ ಹೆಂಗಸಿನಿಂದ ಯಾರೂ ಏನೂ ತಗೋಬೇಡಿ. ಅಸಲಿ ನಾಣ್ಯ ಬಚ್ಚಿಟ್ಟು ನಕಲಿ ಕಳಿಸ್ತಾಳೆ." ಕೊನೆಗೆ ನನ್ನ ಮುಖ, ಅಂಗಡಿಯ ಬೋರ್ಡು. ನನ್ನ ಬಾಯಲ್ಲಿ 'ಅವರು' ಹೋಗಿ 'ಆತ' ಆದದ್ದು ಅಂದಿನಿಂದ.

ವಿಡಿಯೋ ಚಿಕ್ಕಮಗಳೂರಿನಿಂದ ಬಾಳೂರಿನವರೆಗೆ ಎಲ್ಲರ ಫೋನಿಗೂ ಹೋಯಿತು. ಅಂಗಡಿಗೆ ಬಂದವರು ತಕ್ಕಡಿಯನ್ನು ಎರಡೆರಡು ಸಲ ನೋಡತೊಡಗಿದರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು ನನ್ನ ಮುಖ ನೋಡಿ, ಫೋನ್ ನೋಡಿ, ಮತ್ತೆ ನನ್ನ ಮುಖ ನೋಡಿದಳು. ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಜಾವಳಿಯಲ್ಲಿ ನನ್ನ ಅಮ್ಮ ಇದ್ದಾಳೆ. ಊರಿನ ಮಹಿಳಾ ಸಂಘದ ಪೆಟ್ಟಿಗೆಯ ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿತ್ತು. ವಿಡಿಯೋ ಬಂದ ವಾರ ಸಂಘದ ಇಬ್ಬರು ಮನೆಗೆ ಬಂದು, ಕಾಫಿ ಕುಡಿದು, "ಸ್ವಲ್ಪ ದಿನ ಬೇರೆಯವರ ಹತ್ರ ಇರ್ಲಿ ಅಕ್ಕ, ಸುಮ್ಮನೆ ಜನರ ಬಾಯಿಗೆ ಯಾಕೆ," ಎಂದು ಬೀಗದ ಕೈ ತೆಗೆದುಕೊಂಡು ಹೋದರು. ಅಮ್ಮ ನನಗೆ ಹೇಳಲಿಲ್ಲ. ಪಕ್ಕದ ಮನೆಯವಳಿಂದ ತಿಳಿಯಿತು. ಫೋನ್ ಮಾಡಿದರೆ, "ಭಾರ ಇಳೀತು ಬಿಡು," ಎಂದಳು. ಆ ಮಾತು ಹೇಳುವಾಗ ಅವಳ ದನಿ ಹೇಗಿತ್ತೆಂದು ನನಗೆ ಗೊತ್ತು.

"ಬಿಟ್ಟಾಕು ಮಾರಾಯ್ತಿ," ಎಂದ ನನ್ನ ಗಂಡ. "ನಾಲ್ಕು ದಿನ ಮಾತಾಡ್ತಾರೆ, ಮರೀತಾರೆ."

"ನಾನು ಮರಿಯಲ್ಲ."

"ಮರೀದೆ ಎಂತ ಮಾಡ್ತಿ?"

ಎಂತ ಮಾಡುವುದೆಂದು ನನಗೂ ಗೊತ್ತಿರಲಿಲ್ಲ. ಆ ಮಳೆಗಾಲ ಪೂರ್ತಿ ಹಿತ್ತಾಳೆ, ಅಲ್ಯೂಮಿನಿಯಂ ಬೇರೆ ಮಾಡುತ್ತ ಅದನ್ನೇ ಯೋಚಿಸಿದೆ. ಆತನ ಹೋಂಸ್ಟೇಗೆ ಸುಳ್ಳು ಬುಕಿಂಗ್ ಮಾಡಿಸಲೇ? ಆತನ ಮುಖವನ್ನೂ ವಿಡಿಯೋದಲ್ಲಿ ಹಾಕಲೇ? ಘಾಟಿಯ ತಿರುವಿನಲ್ಲಿ ಆತನ ಜೀಪು ಕೆಟ್ಟು ನಿಂತು, ನಾನು ಬಸ್ಸಿನ ಕಿಟಕಿಯಿಂದ ಆರಾಮವಾಗಿ ನೋಡುತ್ತ ಹೋಗುವುದನ್ನು ಎಷ್ಟೋ ಸಲ ಕಲ್ಪಿಸಿಕೊಂಡೆ. ಆ ಚಿತ್ರದಲ್ಲಿ ಯಾವಾಗಲೂ ಜಡಿಮಳೆ ಇರುತ್ತಿತ್ತು, ಆತನ ಬಳಿ ಕೊಡೆ ಇರುತ್ತಿರಲಿಲ್ಲ. ಆದರೆ ನಿಜವಾಗಿ ಏನನ್ನೂ ಮಾಡಲಿಲ್ಲ.

ಮಳೆ ನಿಂತು, ಕಾಫಿ ಹಣ್ಣಾಗುವ ಹೊತ್ತಿಗೆ ಆತನೇ ಅಂಗಡಿಗೆ ಬಂದ.

ಒಳಗೆ ಬಂದವನು ಏನೂ ಆಗಿಲ್ಲವೆಂಬಂತೆ ನಕ್ಕ. "ಹಳೇದನ್ನೆಲ್ಲ ಮನಸ್ಸಲ್ಲಿ ಇಟ್ಕೋಬೇಡಿ," ಎಂದ. ಹಳೆಯ ಕಪಾಟು ಬಿಚ್ಚಿಸಿದಾಗ ಸಿಕ್ಕಿತೆಂದು ಜೇಬಿನಿಂದ ಒಂದು ಬೆಳ್ಳಿ ರೂಪಾಯಿ ತೆಗೆದು ಮೇಜಿನ ಮೇಲಿಟ್ಟ. "ಇದಕ್ಕೆ ನೀವೆಷ್ಟು ಕೊಡ್ತೀರಿ?"

ಮೋಸಗಾತಿ ಎಂದು ನೀವೇ ಊರಿಗೆಲ್ಲ ಸಾರಿದವಳ ಹತ್ತಿರ ಯಾಕೆ ಬಂದಿರಿ ಎಂದು ನೇರವಾಗಿಯೇ ಕೇಳಿದೆ. ಆತ ಮುಚ್ಚುಮರೆ ಮಾಡಲಿಲ್ಲ. "ವ್ಯಾಪಾರದವರು ಎಷ್ಟಕ್ಕೆ ಕೇಳ್ತಾರೋ ಅದರ ಹತ್ತರಷ್ಟು ನಿಜವಾದ ಬೆಲೆ ಇರ್ತದಂತೆ. ಒಂದು ವಿಡಿಯೋದಲ್ಲಿ ಹೇಳಿದ್ರು. ನೀವು ಒಂದು ರೇಟ್ ಹೇಳಿ, ಉಳಿದದ್ದು ನಾನು ನೋಡ್ಕೊಳ್ತೀನಿ."

ನಾಣ್ಯ ಕೈಗೆತ್ತಿಕೊಂಡೆ. ಅಂಚಿನಿಂದ ಒಳಕ್ಕೆ ಕಪ್ಪು, ಮಧ್ಯದಲ್ಲಿ ತಿಳಿ ಬೂದು. ಇಷ್ಟು ವರ್ಷ ಯಾರೂ ಮುಟ್ಟದೆ, ಉಜ್ಜದೆ ಕತ್ತಲಲ್ಲಿ ಮಲಗಿದ್ದ ಬೆಳ್ಳಿಗೆ ಮಾತ್ರ ಬರುವ ಬಣ್ಣ. 1911ರದು. ಭೂತಗನ್ನಡಿ ಹಿಡಿದು ಅದರ ಮೇಲಿದ್ದ ಬ್ರಿಟಿಷ್ ರಾಜನ ನಿಲುವಂಗಿಯಲ್ಲಿ ಹುಡುಕಿದೆ. ಅಲ್ಲಿತ್ತು, ಸಾಸಿವೆಗಿಂತ ತುಸು ದೊಡ್ಡ ಆನೆ.

ಆ ವರ್ಷದ ರೂಪಾಯಿಯಲ್ಲಿ ಆನೆಯ ಸೊಂಡಿಲನ್ನು ಎಷ್ಟು ಮೋಟಾಗಿ ಕೆತ್ತಿದ್ದರೆಂದರೆ ಜನ ಅದನ್ನು ಹಂದಿಯೆಂದುಕೊಂಡು ಸಿಟ್ಟಾದರು. ಸರ್ಕಾರ ಸಿಕ್ಕಷ್ಟನ್ನು ವಾಪಸ್ ತರಿಸಿ ಕರಗಿಸಿತು. ಉಳಿದವಕ್ಕೆ ನಾಣ್ಯದವರು ಹಂದಿ ರೂಪಾಯಿ ಎನ್ನುತ್ತಾರೆ. ನಾನು ಅದನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ಈ ಸ್ಥಿತಿಯಲ್ಲಿ, ನನ್ನ ಅಂಗೈ ಮೇಲೆ, ಅದೂ ಈ ಮನುಷ್ಯನ ಕೈಯಿಂದ!

ಬೇರೆ ಯಾರಾದರೂ ಆಗಿದ್ದರೆ ಕೂರಿಸಿ, ಪುಸ್ತಕ ತೆರೆದು, ಆನೆಯನ್ನು ತೋರಿಸಿ, ಇದನ್ನು ಹೇಗೆ ಇಡಬೇಕು, ಎಲ್ಲಿ ಮಾರಬೇಕು ಎಂದೆಲ್ಲ ಹೇಳುತ್ತಿದ್ದೆ. ಆತನಿಗೆ ಒಂದೇ ಮಾತು ಹೇಳಿದೆ.

"ಒಳ್ಳೆ ನಾಣ್ಯ. ಹೀಗೇ ಇಡಿ. ತೊಳೀಬೇಡಿ, ಉಜ್ಜಬೇಡಿ."

ಮಾತು ಪೂರ್ತಿ ನಿಜ. ಆದರೆ ಅದನ್ನು ದನಿ ತಗ್ಗಿಸಿ, ಆಚೀಚೆ ನೋಡಿ ಹೇಳಿದೆ. ನಾಣ್ಯವನ್ನು ವಾಪಸ್ ಕೊಡುವಾಗ ಬೆರಳು ಒಂದು ಗಳಿಗೆ ತಡೆದವು. ಅದು ನಟನೆಯಲ್ಲ. ನಾನು ಅದನ್ನು ತಡೆಯಲೂ ಇಲ್ಲ. ಮತ್ತೆ, "ಕೊಡೋದಾದ್ರೆ ಹೀಗೇ, ಈ ಕಪ್ಪಿನ ಸಮೇತ ನನಗೇ ಕೊಡಿ," ಎಂದೆ.

ಆತನ ಮುಖದಲ್ಲಿ ಗೆಲುವು ಮೂಡಿತು. "ಓಹೋ. ಕಪ್ಪಾಗಿದ್ರೆ ನಿಮಗೆ ಅಗ್ಗಕ್ಕೆ ಸಿಗ್ತದೆ. ಅದಕ್ಕೇ ತೊಳೀಬೇಡಿ ಅಂತ, ಅಲ್ವಾ?"

ನಾನು ಭೂತಗನ್ನಡಿ ಒರೆಸತೊಡಗಿದೆ.

"ನನಗೆ ಅಷ್ಟೂ ಗೊತ್ತಾಗಲ್ವಾ?" ಎಂದು ನಾಣ್ಯವನ್ನು ಜೇಬಿಗೆ ಹಾಕಿಕೊಂಡು ಹೊರಟ. ಜೀಪು ತಿರುವು ದಾಟುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ. ಒಂದು ಸಲ ಕೂಗಿ ಕರೆದಿದ್ದರೆ ಸಾಕಿತ್ತು.

ಒಳಗಿದ್ದ ಗಂಡ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಸರಿಯಾಗಿ ಬಿಡಿಸಿ ಹೇಳಬಹುದಿತ್ತು," ಎಂದ.

"ಹೇಳಿದೆನಲ್ಲ, ಉಜ್ಜಬೇಡಿ ಅಂತ."

"ನೀನು ಹೇಳಿದ ರೀತಿಗೆ ಆ ಮನುಷ್ಯ ಇವತ್ತೇ ಉಜ್ತಾನೆ."

"ಅದು ಅವನಿಷ್ಟ."

"ನಿನ್ನ ಹತ್ರ ಹುಷಾರಾಗಿರ್ಬೇಕು," ಎಂದು ಗಂಡ ಮತ್ತೆ ತೂಕಕ್ಕೆ ಕೂತ.

ಆ ಹೋಂಸ್ಟೇಯವನು ಉಜ್ಜುವುದಕ್ಕಿಂತಲೂ ಮುಂದೆ ಹೋಗಿದ್ದ. ಚಿಕ್ಕಮಗಳೂರಿನಲ್ಲಿ ಬೆಳ್ಳಿ ಸಾಮಾನಿಗೆ ಪಾಲಿಶ್ ಹಾಕುವ ಮೆಷಿನ್ನಿಗೆ ಕೊಟ್ಟಿದ್ದ. ಅದು ತಿಳಿದದ್ದು ಆತನ ಹೊಸ ವಿಡಿಯೋದಿಂದ. ಕೆಂಪು ಮಖಮಲ್ಲಿನ ಡಬ್ಬಿಯಲ್ಲಿ ನಾಣ್ಯ ಹೊಸ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿತ್ತು. ನೋಡಿ ನನಗೆ ನಾಣ್ಯದ ಮೇಲೆ ಮರುಕ ಹುಟ್ಟಿತು. ಅದರ ಜೊತೆಗೇ, ಸುಳ್ಳೇಕೆ ಹೇಳಲಿ, ಪಾಯಸ ಕುಡಿದಷ್ಟು ಸಂತೋಷವೂ ಆಯಿತು.

ಬೇಸಿಗೆಯ ಮೊದಲಲ್ಲಿ ಚಿಕ್ಕಮಗಳೂರಿನ ಕಲ್ಯಾಣ ಮಂಟಪವೊಂದರಲ್ಲಿ ನಾಣ್ಯ, ಅಂಚೆಚೀಟಿಗಳ ಪ್ರದರ್ಶನ ಇತ್ತು. ಮಾರಾಟಕ್ಕೆ ನಾನೂ ಒಂದು ಮೇಜು ಹಿಡಿದಿದ್ದೆ. ನನ್ನ ಪಕ್ಕದ ಮೇಜು ಮಂಗಳೂರು ಕಡೆಯ ಹಿರಿಯ ವ್ಯಾಪಾರಿಯೊಬ್ಬರದು. ಮಧ್ಯಾಹ್ನದ ಹೊತ್ತಿಗೆ ಆತ ಬಂದ. ನನ್ನ ಮೇಜನ್ನು ದಾಟಿ ನೇರ ಆ ಹಿರಿಯರ ಮುಂದೆ ಮಖಮಲ್ಲಿನ ಡಬ್ಬಿ ತೆರೆದ. ಸುತ್ತ ಏಳೆಂಟು ಜನ ಸೇರಿದರು.

ಹಿರಿಯರು ಭೂತಗನ್ನಡಿ ಹಿಡಿದು ನೋಡಿದರು. ಇಸವಿ ನೋಡಿದರು. ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು.

"ಯಾರು ಪಾಲಿಶ್ ಮಾಡಿದ್ದು ಇದನ್ನ?"

"ನಾನೇ ಮಾಡಿಸಿದ್ದು. ಹೇಗೆ ಹೊಳೀತದೆ ನೋಡಿ."

"ಇದು ಹಂದಿ ರೂಪಾಯಿ ಆಗಿತ್ತು," ಎಂದರು ಅವರು, ಸತ್ತವರ ಬಗ್ಗೆ ಹೇಳುವ ಹಾಗೆ. ಆನೆಯ ಕಥೆ ಹೇಳಿದರು. ಉಜ್ಜದೆ ಬಿಟ್ಟಿದ್ದರೆ ಅದಕ್ಕೆ ಸಿಗುತ್ತಿದ್ದ ಬೆಲೆಯನ್ನೂ ಹೇಳಿದರು. ಸುತ್ತ ನಿಂತವರಲ್ಲಿ ಒಬ್ಬ ಸಣ್ಣಗೆ ಸಿಳ್ಳೆ ಹಾಕಿದ. "ಈಗ ಆನೆಯ ಜಾಗ ಬೋಳು. ಮೆಷಿನ್ ತಿಂದು ಹಾಕಿದೆ. ಇನ್ನು ಇದು ಬೆಳ್ಳಿ, ಅಷ್ಟೆ. ಉಜ್ಜಬೇಡಿ ಅಂತ ನಿಮಗೆ ಯಾರೂ ಹೇಳ್ಲಿಲ್ವಾ?"

ಆತ ಖಾಲಿ ಡಬ್ಬಿಯ ಮುಚ್ಚಳ ಮುಚ್ಚಿದ. ನಾನು ಎದ್ದು ನಿಂತೆ.

"ಹೇಳಿದ್ರು. ಯಾರು ಹೇಳಿದ್ರು ಅಂತ ಅವರನ್ನೇ ಕೇಳಿ."

ಎಲ್ಲರೂ ಆತನನ್ನು ನೋಡಿದರು. ಆತ ನನ್ನನ್ನು ನೋಡಿದ, ನೆಲ ನೋಡಿದ. ಕೊನೆಗೆ, "ಇವರೇ ಹೇಳಿದ್ರು. ನಾನು ನಂಬಲಿಲ್ಲ," ಎಂದ.

"ಯಾಕೆ ನಂಬಲಿಲ್ಲ ಅಂತಾನೂ ಹೇಳಿ," ಎಂದೆ.

ಹೇಳಿಸಿಯೇ ಬಿಟ್ಟೆ. ಅಕ್ಕಿ, ತಟ್ಟೆ, ಕಾಲಾಣೆ, ವಿಡಿಯೋ, ಒಂದೊಂದಾಗಿ ಆತನ ಬಾಯಿಂದಲೇ ಬಂದವು. ಅಕ್ಕಿಯ ಮಾತು ಬಂದಾಗ ಜನ ನಕ್ಕರು. ನಾನು ನಗಲಿಲ್ಲ. ಆ ವಿಡಿಯೋ ಈಗಲೇ ಅಳಿಸಬೇಕೆಂದೆ. ನನ್ನ ಕಣ್ಣೆದುರೇ ಅಳಿಸಿದ. ಅದು ಸಾಲದೆಂದೆ. "ಜಾವಳಿಯಲ್ಲಿ ನನ್ನ ಅಮ್ಮ ಇದ್ದಾಳೆ. ಅವಳ ಮುಂದೆ ಬಂದು ಹೇಳಿ."

ಬರಲಾರ ಎಂದುಕೊಂಡಿದ್ದೆ. ಮರುವಾರ ಬಂದ. ಪ್ರದರ್ಶನದಲ್ಲಿದ್ದ ಯಾರೋ ಎಲ್ಲವನ್ನೂ ಫೋನಿನಲ್ಲಿ ಹಿಡಿದು ಹಂಚಿದ್ದರು. ಹೋಂಸ್ಟೇಗೆ ಬಂದ ಗೆಸ್ಟುಗಳು ಅಕ್ಕಿಯ ವಿಷಯ ಕೇಳುತ್ತಿದ್ದರಂತೆ. ಸಾಕಾಗಿ ಹೋಗಿತ್ತೇನೋ. ಅಮ್ಮನ ಅಂಗಳದಲ್ಲಿ ಕೈಕಟ್ಟಿ ನಿಂತು, "ನಿಮ್ಮ ಮಗಳ ಮೇಲೆ ಸುಮ್ಮನೆ ಅಪವಾದ ಹಾಕಿದೆ ಅಮ್ಮ, ತಪ್ಪಾಯ್ತು," ಎಂದ.

ಅಮ್ಮ ಕರಗಿ ಬಿಡುತ್ತಾಳೆಂದು ನನಗೆ ಹೆದರಿಕೆಯಿತ್ತು. ಅವಳು ಸೆರಗು ಸರಿಮಾಡಿಕೊಂಡು, "ನನಗೆ ಕಿವಿ ಸ್ವಲ್ಪ ಮಂದ. ಜೋರಾಗಿ ಹೇಳಿ," ಎಂದಳು. ಅಮ್ಮನ ಕಿವಿ ನನ್ನದಕ್ಕಿಂತ ಚುರುಕು. ಆತ ಜೋರಾಗಿ ಹೇಳಿದ. ಅಷ್ಟರಲ್ಲಿ ಪಕ್ಕದ ಮನೆಯವರು ಹೊರಗೆ ಬಂದಿದ್ದರು. "ತಡೀರಿ, ಸಂಘದವರೂ ಬರ್ಲಿ," ಎಂದು ಅಮ್ಮ ಒಬ್ಬಳನ್ನು ಓಡಿಸಿದಳು. ಅವರು ಬರುವವರೆಗೆ ಆತ ಬಿಸಿಲಲ್ಲಿ ನಿಂತೇ ಇದ್ದ. ಅಮ್ಮ ಕೂರಿ ಎನ್ನಲಿಲ್ಲ, ನೀರು ಬೇಕಾ ಎನ್ನಲಿಲ್ಲ. ಸಂಘದವರು ಬಂದ ಮೇಲೆ ಮತ್ತೊಮ್ಮೆ ಹೇಳಿಸಿದಳು. ಬೀಗದ ಕೈಯನ್ನು ವಾಪಸ್ ಕೊಡಲು ಅವರು ಸಂಜೆಯೇ ತಂದರು. "ನನಗೆ ಭಾರ, ನೀವೇ ಇಟ್ಕೊಳ್ಳಿ," ಎಂದು ಅಮ್ಮ ಬಾಗಿಲಿಂದಲೇ ಕಳಿಸಿದಳು.

ಸೇಡು ತೀರಿದ ಮೇಲೆ ಮನಸ್ಸು ಖಾಲಿಯಾಗುತ್ತದೆಂದು ತಿಳಿದವರು ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಆತ ಬಿಸಿಲಲ್ಲಿ ನಿಂತದ್ದನ್ನು ನೆನೆಸಿಕೊಂಡು ಈಗಲೂ ಕೆಲಸದ ಮಧ್ಯೆ ನಗುತ್ತೇನೆ. ಫೋನಿನಲ್ಲಿ ಕೇಳುವವರಿಗೆ ಮೊದಲಿನಂತೆ ವಿವರಿಸುವುದಿಲ್ಲ. ಒಂದು ಸಲ ಹೇಳುತ್ತೇನೆ, ಕೇಳದಿದ್ದರೆ ಬಿಡುತ್ತೇನೆ.

ಸ್ವಲ್ಪ ದಿನದ ನಂತರ ಆತನ ಫೋನ್ ಬಂತು. "ಆ ರೂಪಾಯಿ ನೀವೇ ತಗೊಳ್ತೀರಾ? ಬೆಳ್ಳಿ ರೇಟಿಗೆ ಕೊಟ್ರೂ ಸಾಕು." ಬೇಡವೆಂದೆ. ಆತ ಅದನ್ನು ಕರಗಿಸಿ ಮೊಮ್ಮಗಳ ಕಾಲ್ಗೆಜ್ಜೆಗೆ ಸೇರಿಸಿದನೆಂದು ಆಮೇಲೆ ತಿಳಿಯಿತು. ಅಂದು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಸರ್ಕಾರದ ಮೂಸೆಯಿಂದ ತಪ್ಪಿಸಿಕೊಂಡು ಇಷ್ಟು ವರ್ಷ ಉಳಿದಿದ್ದ ಆನೆ ನಮ್ಮಿಬ್ಬರ ಜಗಳದಲ್ಲಿ ಹೋಯಿತು. ನನ್ನ ಗಂಡ ಅದರಲ್ಲಿ ನನ್ನ ಪಾಲೂ ಇದೆ ಎನ್ನುತ್ತಾನೆ. ಇರಬಹುದು. ಆದರೆ ನಾನು ಅದನ್ನೂ ಆತನ ಲೆಕ್ಕಕ್ಕೇ ಬರೆದಿದ್ದೇನೆ.