ಬದನೆಕಾಯಿ ವೋಟು ಮತ್ತು ಫಿಲೋಮಿನಾ ಆಂಟಿ

ವೋಟು ಹಾಕೋ ಮರೆ ಹಿಂದೆ ನಿಂತ್ಕೊಂಡು ನಾನು ಬ್ಯಾಲೆಟ್ ಪೇಪರ್‌ಗೆ ಉಫ್ ಉಫ್ ಅಂತ ಊದ್ತಾ ಇದ್ದೆ.

ಸೀಲ್ ಒತ್ತಿ ಆಗಿತ್ತು. ಇಂಕ್ ಒಣಗದೆ ಮಡಿಸಿದ್ರೆ ಗುರುತು ಇನ್ನೊಂದು ಚಿಹ್ನೆ ಮೇಲೂ ಮೂಡುತ್ತೆ, ವೋಟು ರದ್ದಾಗುತ್ತೆ ಅಂತ ಯಾರೋ ಹೆದರಿಸಿದ್ರು. ತೊಂಬತ್ತರ ದಶಕ, ಬೆಂಗಳೂರಿನ ಕಾಕ್ಸ್ ಟೌನ್, ನನ್ನ ಮೊದಲ ವೋಟು... ನಮ್ಮಲ್ಲಿ ಮಷಿನ್ ಇನ್ನೂ ಬಂದಿರ್ಲಿಲ್ಲ.

ನಾನು ಓದಿದ್ದು ಐದನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಯಾವ ಫಾರಂ ಕೊಟ್ರೂ ಪಕ್ಕದೋರ ಕೈಗೆ ದಾಟಿಸ್ಬಿಡ್ತಿದ್ದೆ. ಹಾಳು ಮಾಡ್ಬಿಡ್ತೀನಿ, ನಂಗೆ ವೋಟೇ ಬೇಡ ಅಂದಿದ್ದೆ.

ಬಿಟ್ಟಿದ್ರೆ ತಾನೇ ನಮ್ಮ ಚರ್ಚಿನ ಫಿಲೋಮಿನಾ ಆಂಟಿ!

ಬೀದಿ ದೀಪ ಕೆಟ್ರೂ, ಮೋರಿ ಕಟ್ಕೊಂಡ್ರೂ ಕಾರ್ಪೊರೇಷನ್‌ಗೆ ಅರ್ಜಿ ಹಿಡ್ಕೊಂಡು ಹೋಗ್ತಿದ್ದೋರು ಅವ್ರೇ. ಎಲೆಕ್ಷನ್ ಬಂತಂದ್ರೆ ಮನೆಮನೆಗೂ ಹೋಗಿ, ಲಿಸ್ಟಲ್ಲಿ ಹೆಸರಿದೆಯಾ ನೋಡ್ಕೊಳ್ಳಿ ಅನ್ನೋರು. ಯಾರಿಗೆ ಹಾಕ್ಬೇಕು ಅಂತ ಮಾತ್ರ ಒಂದಿನಾನೂ ಬಾಯಿ ಬಿಡ್ಲಿಲ್ಲ.

ಚರ್ಚಲ್ಲಿ ಪೂಜೆ ಮುಗಿದ್ಮೇಲೆ ಮೂರು ಭಾನುವಾರ ನಂಗೆ ಪ್ರಾಕ್ಟೀಸು. ಕ್ರಿಸ್ಮಸ್ ಕ್ಯಾರಲ್ ಹಾಡಿನ ಹಳೇ ಹಾಳೆ ಹಿಂದೆ ಬದನೆಕಾಯಿ, ಈರುಳ್ಳಿ, ಕ್ಯಾರೆಟ್ ಚಿತ್ರ ಬರೆದು, ಸೀಲ್ ಬದಲು ಇಂಕಲ್ಲಿ ಅದ್ದಿದ ಬಾಟ್ಲಿ ಕಾರ್ಕ್ ಕೈಗೆ ಕೊಡೋರು. ನಿಜವಾದ ಚಿಹ್ನೆ ಬರೆದ್ರೆ ಪ್ರಚಾರ ಅಂದ್ಬಿಡ್ತಾರಂತೆ!

"ಲಿಲ್ಲಿ, ನಿನ್ನ ಬದನೆಕಾಯಿ ವೋಟಲ್ಲಿ ಈರುಳ್ಳಿಗೂ ಪಾಲು ಕೊಟ್ಯಲ್ಲಮ್ಮಾ" ಅಂತ ನಗೋರು. ಮತ್ತೆ ಮಡಿಸು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ...

ಈಗ ನಿಜವಾದ ಪೇಪರ್ರೇ ಕೈಲಿದೆ. ನಾನು ಊದ್ತಾನೇ ಇದ್ದೀನಿ, ಕ್ಯೂ ಬೆಳೀತಾನೇ ಇದೆ.

"ಏನಮ್ಮಾ, ಒಳಗೆ ಒಲೆ ಹಚ್ತಿದ್ಯಾ?" ಅಂದ್ರು ಆಫೀಸರ್. ಇಡೀ ರೂಮು ನಕ್ತು. ನನ್ನ ಕಿವಿ ಬಿಸಿಯಾಯ್ತು.

ಕ್ಯೂನಲ್ಲಿ ನನ್ನ ಹಿಂದೇನೇ ಇದ್ದ ಆಂಟಿ ಬಿಡ್ತಾರಾ? "ನಿಧಾನಕ್ಕೆ ಹಚ್ಲಿ ಬಿಡಿ ಸಾರ್, ಐದು ವರ್ಷ ಉರೀಬೇಕು!"

ಹೇಗೋ ಮಡಿಸಿ, ಡಬ್ಬಕ್ಕೆ ಹಾಕಿ ಹೊರಗೆ ಬಂದೆ. ಬಂದ ತಕ್ಷಣ ಶುರುವಾಯ್ತು... ಒಣಗಿತ್ತಾ? ಅಂಟ್ಕೊಂಡ್ಬಿಡ್ತಾ? ಗೇಟ್ ಹತ್ರ ಅಳೋಕೇ ಶುರು ಮಾಡಿದೆ.

ಆಂಟಿ ಬಂದು ಆರಾಮಾಗಿ ಹೇಳಿದ್ರು, "ಅಂಟ್ಕೊಂಡ್ರೂ ಏನಾಗಲ್ಲ ಕಣೇ. ಮಡಿಸಿದಾಗ ಮೂಡಿದ ಅಚ್ಚು ಅಂತ ಎಣಿಸೋರಿಗೆ ಗೊತ್ತಾಗುತ್ತೆ. ರದ್ದು ಮಾಡಲ್ಲ."

ನಂಗೆ ಅಳು ನಿಂತು ಸಿಟ್ಟು ಬಂತು. "ಮತ್ತೆ ಮೂರು ಭಾನುವಾರ ಯಾಕೆ ಮಡಿಸಿದ್ದು ಆಂಟಿ?"

"ಬರೀ ಬಾಯಲ್ಲಿ ಹೇಳಿದ್ರೆ ನಿನ್ನ ಭಯ ಕೇಳ್ತಿತ್ತಾ? ಅದಕ್ಕೆ ಕೈಗೆ ಕೆಲಸ ಕೊಟ್ಟೆ."

ಆಂಟಿ ತೀರ್ಕೊಂಡು ಎಷ್ಟೋ ವರ್ಷ ಆಯ್ತು. ಅವತ್ತಿಂದ ನಾನು ಒಂದು ಎಲೆಕ್ಷನ್ನೂ ಬಿಟ್ಟಿಲ್ಲ. ಭಯ ಹೋಗಿಲ್ಲ ನೋಡಿ, ಅದನ್ನೂ ಜೊತೆಗೆ ಕರ್ಕೊಂಡೇ ಬೂತಿಗೆ ಹೋಗ್ತೀನಿ.

ನಿಮ್ಮ ಮೊದಲ ವೋಟಿಗೆ ನಿಮ್ಮನ್ನ ಎಳ್ಕೊಂಡು ಹೋದೋರು ಯಾರು?